ಸಂಘದ ಸದಸ್ಯರೆಲ್ಲ ಲೇಟ್

ಚಿಕ್ಕಣ್ಣ ಮಾಡಿದ್ದ ತಪ್ಪು ಇಷ್ಟೇ. ಒಂದು ಕಾಲಂ ಖಾಲಿ ಬಿಟ್ಟಿದ್ದ.

ತುರುವೇಕೆರೆಯ ಹೊಂಗರಿ ತೆಂಗು ಬೆಳೆಗಾರರ ಸಂಘದಲ್ಲಿ ಅವನು ಹದಿನಾಲ್ಕು ವರ್ಷದಿಂದ ಟೈಪಿಸ್ಟ್ ಆಗಿದ್ದ. ಹುಟ್ಟು ಪುಕ್ಕಲ. ಟಿಕೆಟ್ ತೆಗೆದುಕೊಂಡು ಜೇಬಿನಲ್ಲಿಟ್ಟುಕೊಂಡಿದ್ದರೂ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬಂದರೆ ಅವನ ಎದೆ ಡವಗುಟ್ಟುತ್ತಿತ್ತು. ಅಂಥವನ ಮುಂದೆ ಎಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಸಂಘದವರು ಒಂದು ಕಂಪ್ಯೂಟರ್ ತಂದಿಟ್ಟರು. ಕಾರ್ಯದರ್ಶಿ ತೋಂಟದಾರ್ಯರು ಅವನನ್ನು ಹತ್ತು ದಿನದ ತರಬೇತಿಗೆಂದು ಬೆಂಗಳೂರಿಗೆ ಕಳಿಸಿದರು. ವಾಪಸ್ ಬಂದಾಗ ಅವನ ಕೈಯಲ್ಲಿ ಒಂದು ನೋಟ್ ಪುಸ್ತಕವಿತ್ತು, ಮುಖದಲ್ಲಿ ರಕ್ತವಿರಲಿಲ್ಲ.

"ಟೈಪ್ ಮಿಷನ್ನು ಒತ್ತಿದ್ದನ್ನ ಬರೆದು ಸುಮ್ನಿರುತ್ತೆ. ಇದು ಹಂಗಲ್ಲ ಕಣ್ರೀ. ತಿರುಗಿ ಪ್ರಶ್ನೆ ಕೇಳುತ್ತೆ," ಎಂದು ಪಕ್ಕದ ಮೇಜಿನ ಗುಮಾಸ್ತೆ ಗಿರಿಜಾಂಬಿಕಾಳ ಬಳಿ ಹೇಳಿಕೊಂಡ.

ಅದು ಕೇಳಿದ್ದೂ ನಿಜ. ಸಂಘದ ಸದಸ್ಯರಿಗಾಗಿ ಹೊಸ ಡೇಟಾಬೇಸ್ ಶುರು ಮಾಡು ಎಂದು ಅವನು ಆಜ್ಞೆ ಕೊಟ್ಟ ಕೂಡಲೇ ಕಂಪ್ಯೂಟರು ಹೆಣ್ಣು ನೋಡಲು ಬಂದ ಬೀಗರ ಹಾಗೆ ವಿಚಾರಣೆಗೆ ಕೂತಿತು. ಮೊದಲನೇ ಕಾಲಮ್ಮಿನ ಹೆಸರೇನು? ಅದರಲ್ಲಿ ಬರುವುದು ಅಕ್ಷರವೋ ಅಂಕಿಯೋ? ಅಗಲ ಎಷ್ಟು? ಎರಡನೆಯದರ ಹೆಸರೇನು? ಚಿಕ್ಕಣ್ಣ ನೋಟ್ ಪುಸ್ತಕ ನೋಡಿಕೊಂಡು ಒಂದೊಂದಕ್ಕೂ ಉತ್ತರ ಕೊಟ್ಟ. ಸದಸ್ಯರದ್ದೊಂದು ಪಟ್ಟಿ, ತೋಟಗಳದ್ದೊಂದು ಪಟ್ಟಿ. ಎರಡರಲ್ಲೂ ಸದಸ್ಯತ್ವದ ನಂಬರು ಇರುವುದರಿಂದ ಯಾರ ತೋಟ ಯಾವುದು, ಅದರಲ್ಲಿ ಎಷ್ಟು ಮರ ಎಂಬ ಸಂಬಂಧವನ್ನು ಕಂಪ್ಯೂಟರೇ ಕೂಡಿಸಿ ಹೇಳುತ್ತದೆ. ಸದಸ್ಯರ ಪಟ್ಟಿಯ ಕೊನೆಯ ಕಾಲಂ, "ಬದುಕಿದ್ದಾರೆಯೇ?" ಎಂಬುದು. ಅದಕ್ಕೆ ಎರಡೇ ಉತ್ತರ: ಹೌದು ಅಥವಾ ಇಲ್ಲ.

ಆಮೇಲೆ ಎರಡು ತಿಂಗಳು ಗಿರಿಜಾಂಬಿಕಾ ಹಳೇ ರಿಜಿಸ್ಟರು ಹಿಡಿದು ಓದಿದಳು, ಚಿಕ್ಕಣ್ಣ ಒತ್ತಿದ. ಸದಸ್ಯರು ಸಾವಿರದ ನೂರ ನಲವತ್ತಾರು. ಅದರಲ್ಲಿ ತೀರಿಕೊಂಡವರು ಬರೀ ಎಪ್ಪತ್ತಮೂರು. ತೀರಿಕೊಂಡವರ ಮುಂದೆ "ಇಲ್ಲ" ಎಂದು ಹಾಕಿದರೆ ಸಾಕಲ್ಲ, ಉಳಿದವರು ಬದುಕಿದ್ದಾರೆಂದು ಯಾರಿಗಾದರೂ ತಿಳಿಯುತ್ತದೆ ಎಂದುಕೊಂಡು ಅವನು ಮಿಕ್ಕವರ ಕಾಲಂ ಖಾಲಿ ಬಿಟ್ಟ. ಯಾರಿಗಾದರೂ ತಿಳಿಯುತ್ತಿತ್ತು. ಕಂಪ್ಯೂಟರಿಗೆ ತಿಳಿಯಲಿಲ್ಲ. ಅದರ ಪ್ರಕಾರ "ಹೌದು" ಎಂದು ಬಾಯಿಬಿಟ್ಟು ಹೇಳದವರೆಲ್ಲ "ಇಲ್ಲ".

ಗುರುವಾರ ಮಧ್ಯಾಹ್ನ ಪಟ್ಟಿ ಅಚ್ಚಾಯಿತು. ಪ್ರಿಂಟರು ಹಿಡಿದ ಹಂದಿಯ ಹಾಗೆ ಕಿರಿಚುತ್ತಿದ್ದುದರಿಂದ ಚಿಕ್ಕಣ್ಣ ಹೊರಗೆ ನಿಂತಿದ್ದ. ಬದುಕಿಲ್ಲದವರ ಹೆಸರಿಗೆ ಮೊದಲು ಇಂಗ್ಲಿಷಿನಲ್ಲಿ "ಲೇಟ್" ಎಂದು ಸೇರಿಸಬೇಕೆಂದು ಅವನೇ ಯಂತ್ರಕ್ಕೆ ಹೇಳಿಕೊಟ್ಟಿದ್ದ. ಬಂದ ಪ್ರತಿಗಳನ್ನು ಸಂಜೆ ಕಚೇರಿ ಮುಚ್ಚುವಾಗ ಜವಾನ ಹಾಲಸ್ವಾಮಿ ಎತ್ತಿಕೊಂಡು ಒಂದನ್ನು ಬಾಗಿಲ ಬೋರ್ಡಿಗೆ ಅಂಟಿಸಿದ. ಅಲ್ಲಲ್ಲಿ ಅಂಟಿಸಲೆಂದು ಮಾಯಸಂದ್ರಕ್ಕೊಂದು, ದಬ್ಬೇಘಟ್ಟಕ್ಕೊಂದು ಕೊನೇ ಬಸ್ಸಿನಲ್ಲಿ ಹೋದವು.

ಶುಕ್ರವಾರ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವಾಗ ಮೊದಲು ಅದನ್ನು ಓದಿದವನೂ ಹಾಲಸ್ವಾಮಿಯೇ. ಅವನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು.

"ಸಾರ್, ಕಂಪ್ಯೂಟರು ಬಲೇ ಕಟ್ಟುನಿಟ್ಟು ಕಣ್ರೀ," ಎಂದ ಕಾರ್ಯದರ್ಶಿಗಳಿಗೆ. "ಹೋದ್ ವರ್ಸ ಮೀಟಿಂಗಿಗೆ ತಡವಾಗಿ ಬಂದೋರ್ನೆಲ್ಲ ಲೇಟು ಅಂತ ಹಾಕ್ಬುಟ್ಟೈತೆ. ನೀವೂ ಲೇಟು."

"ನಾನು ಯಾವತ್ತಯ್ಯಾ ಲೇಟಾಗಿ ಬಂದಿದ್ದೀನಿ?" ಎಂದು ತೋಂಟದಾರ್ಯರು ಸಿಟ್ಟಿನಿಂದ ಕನ್ನಡಕ ಹಾಕಿಕೊಂಡು ಬೋರ್ಡಿನ ಹತ್ತಿರ ಹೋದರು. ನಿಧಾನವಾಗಿ ಓದಿದರು. ಇನ್ನೂ ನಿಧಾನವಾಗಿ ಒಂದು ಕೈಯಿಂದ ಇನ್ನೊಂದು ಕೈಯ ನಾಡಿ ಹಿಡಿದು ನೋಡಿಕೊಂಡರು. ಆಮೇಲೆ ಕೂಗಿದರು, "ಚಿಕ್ಕಣ್ಣಾ!"

ಚಿಕ್ಕಣ್ಣ ಓಡಿ ಬಂದು ಬೋರ್ಡು ನೋಡಿದ. ಮೇಲಿನಿಂದ ಕೆಳಗೆ ಲೇಟ್, ಲೇಟ್, ಲೇಟ್. ತೆಂಗಿನ ಸಾಲಿನ ಹಾಗೆ ನೆಟ್ಟಗೆ ನಿಂತಿತ್ತು.

"ಸಾರ್, ಎಲ್ಲಾರೂ..." ಎಂದ.

"ಎಲ್ಲರೂ ಕಣಯ್ಯ! ಅಧ್ಯಕ್ಷರು, ನಾನು, ನಿಮ್ಮಾವ, ಒಬ್ಬರೂ ಉಳಿದಿಲ್ಲ! ಪ್ಲೇಗಿನಲ್ಲೂ ಊರಲ್ಲಿ ನಾಲ್ಕು ಜನ ಉಳೀತಿದ್ರು!"

ಗಿರಿಜಾಂಬಿಕಾ ಹಿಂದಿನಿಂದ ಇಣುಕಿದಳು. ಇನ್ನೂರ ಹನ್ನೆರಡನೇ ನಂಬರಿನ ಮೇಲೆ ಅವಳ ಕಣ್ಣು ನಿಂತಿತು. "ಚಿಕ್ಕಣ್ಣನೋರೇ," ಎಂದಳು ಪಿಸುದನಿಯಲ್ಲಿ. "ದಬ್ಬೇಘಟ್ಟದ ಹುಚ್ಚಣ್ಣನ್ನೂ ಸಾಯಿಸಿದ್ದೀರಲ್ರೀ."

ಆ ಹೆಸರು ಕೇಳಿ ತೋಂಟದಾರ್ಯರೂ ಬಯ್ಯುವುದನ್ನು ನಿಲ್ಲಿಸಿದರು. ಹುಚ್ಚಣ್ಣನಿಗೆ ತಾಲೂಕಿನಲ್ಲಿ ಹೆದರದವರಿರಲಿಲ್ಲ. ಪಂಪ್‌ಸೆಟ್ಟಿನ ಮೀಟರ್ ನೋಡಲು ಹೋದವನೊಬ್ಬ ಒರಟಾಗಿ ಮಾತಾಡಿದನೆಂದು ಅವನನ್ನು ತೆಂಗಿನ ಮರ ಹತ್ತಿಸಿ ಸಂಜೆವರೆಗೂ ಇಳಿಯಗೊಡದೆ ಬುಡದಲ್ಲಿ ಮಂಚ ಹಾಕಿಕೊಂಡು ಮಲಗಿದ್ದ ಮನುಷ್ಯ ಅವನು. ಬದುಕಿದ್ದಾಗಲೇ ಅವನ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಸತ್ತಿದ್ದಾನೆ ಎಂದು ಊರ ಮುಂದೆ ಅಂಟಿಸಿದರೆ ಸುಮ್ಮನಿರುವನೇ?

"ದಬ್ಬೇಘಟ್ಟದ ಪ್ರತಿ ಇನ್ನೂ ಅಂಟಿಸಿರಲಿಕ್ಕಿಲ್ಲ ಸಾರ್," ಎಂದ ಚಿಕ್ಕಣ್ಣ.

ಅಷ್ಟರಲ್ಲಿ ದಬ್ಬೇಘಟ್ಟದಿಂದ ಬರುವ ಹತ್ತು ಗಂಟೆಯ ಬಸ್ಸಿಳಿದು ಹೋಟೆಲಿನ ಕಡೆ ಹೊರಟಿದ್ದ ಕಂಡಕ್ಟರು ಬಾಗಿಲಲ್ಲಿ ನಿಂತು, "ಏನ್ರೀ, ಹುಚ್ಚಣ್ಣ ಹೋಗ್ಬುಟ್ನಂತೆ? ಅವ್ರ ಮನೇಲಿ ಹೆಂಗಸ್ರು ಎದೆ ಬಡ್ಕೊಂಡು ಅಳ್ತಾವ್ರೆ," ಎಂದು ಹೇಳಿ ಹೋದ.

ಚಿಕ್ಕಣ್ಣ ಗೋಡೆ ಹಿಡಿದುಕೊಂಡ.

ಹನ್ನೊಂದಕ್ಕೆಲ್ಲ ಸಂಘದ ಮುಂದೆ ಸತ್ತವರ ಗುಂಪು ಸೇರಿತು. ಕೊಬ್ಬರಿ ವ್ಯಾಪಾರಿ ಬಸವರಾಜಪ್ಪನವರು ಬಿಳೀ ಪಂಚೆಯುಟ್ಟು ಬಂದು, "ನನ್ನ ಮಗಳಿಗೆ ನಾಳಿದ್ದು ನಿಶ್ಚಿತಾರ್ಥ. ಗಂಡಿನ ಕಡೆಯೋರು ಇದನ್ನ ನೋಡಿದ್ರೆ ಸೂತಕದ ಮನೆ ಅಂತ ವಾಪಸ್ ಹೋಗ್ತಾರೆ," ಎಂದು ಮೇಜು ಗುದ್ದಿದರು. ಮಾಯಸಂದ್ರದಿಂದ ಮೂವರು ಅಣ್ಣತಮ್ಮಂದಿರು ಒಂದೇ ಸೈಕಲ್ಲಿನಲ್ಲಿ ಬಂದಿಳಿದರು. ಮೂವರೂ ಒಟ್ಟಿಗೇ ಸತ್ತಿದ್ದರಿಂದ ಮನೆಯ ಹೆಂಗಸರು ಯಾರಿಗೆ ಮೊದಲು ಅಳಬೇಕೆಂದು ಜಗಳಕ್ಕೆ ನಿಂತಿದ್ದಾರೆ ಎಂದರು. ಎಂಬತ್ತು ದಾಟಿದ ಸಿದ್ದಕ್ಕ ಮಾತ್ರ ಗಲಾಟೆ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು, ಎಲೆಯಡಿಕೆ ಚೀಲ ಬಿಚ್ಚಿಕೊಂಡು, "ನಾನು ಸತ್ತಿವ್ನೋ ಬದುಕಿವ್ನೋ ಬಿರ್ನೆ ಒಂದು ಹೇಳ್ಬುಡು ಮಗಾ," ಎಂದಳು. "ಬದುಕಿದ್ರೆ ಹೋಗಿ ಮುದ್ದೆಗೆ ಎಸರಿಡ್ಬೇಕು."

ತೋಂಟದಾರ್ಯರು ಚಿಕ್ಕಣ್ಣನನ್ನು ಕಂಪ್ಯೂಟರ್ ಕೋಣೆಗೆ ದೂಡಿ ಬಾಗಿಲ ಪರದೆ ಎಳೆದರು. "ಮೂರೂವರೆಗೆ ಕರೆಂಟು ಹೋಗುತ್ತೆ, ಅಷ್ಟರೊಳಗೆ ಎಲ್ಲರನ್ನೂ ಬದುಕಿಸಬೇಕು. ಇಲ್ಲಾಂದ್ರೆ ನೀನು ಈ ಕೋಣೆಯಿಂದ ಹೊರಗೆ ಬರಬೇಡ. ಬಂದರೂ ಅವರು ಬಿಡಲ್ಲ."

ಚಿಕ್ಕಣ್ಣ ಕೂತ. ಮೊದಲು ಸಿದ್ದಕ್ಕನ ಹೆಸರು ಹುಡುಕಿದ. ಅವಳ ಸಾಲು ತೆರೆದು, ಕೊನೇ ಕಾಲಮ್ಮಿಗೆ ಹೋಗಿ, "ಹೌದು" ಎಂದು ಒತ್ತಿ, ಉಳಿಸಿ, ಹೊರಗೆ ಬಂದ. ಗಡಿಯಾರ ನೋಡಿದ. ಮೂರು ನಿಮಿಷ. ಸಾವಿರ ಜನರನ್ನು ಹೀಗೆ ಎಬ್ಬಿಸುತ್ತ ಕೂತರೆ ಭಾನುವಾರ ಸಂಜೆಯಾಗುತ್ತದೆ. ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ಒದ್ದೆಯಾದರೆ ಕರೆಂಟು ಹೊಡೆಯುತ್ತದೇನೋ ಎಂದು ಹೆದರಿ ಅದನ್ನು ಪಂಚೆಯ ಅಂಚಿನಿಂದ ಒರೆಸಿದ. ಒರೆಸುವಾಗ ಏನನ್ನೋ ಒತ್ತಿ ಸಿದ್ದಕ್ಕನ ಊರು ಅಳಿಸಿಹೋಯಿತು.

ಹನ್ನೆರಡೂವರೆಗೆ ಹಾಲಸ್ವಾಮಿ ಬಾಗಿಲ ಪರದೆ ಸರಿಸಿ ತಲೆ ತೂರಿಸಿದ. "ದಬ್ಬೇಘಟ್ಟದ ಹಾಲಿನೋರು ಬಂದಿದ್ರು ಚಿಕ್ಕಣ್ಣ. ಹುಚ್ಚಣ್ಣ ತೋಟದ ಮನೆ ಜಗಲಿ ಮ್ಯಾಲೆ ಕುಂತ್ಕಂಡು ಮಚ್ಚು ಮಸೀತಾವ್ನಂತೆ."

"ಯಾಕಂತೆ?"

"ಕೇಳಾಕೆ ಯಾರಿಗೈತೆ ಧೈರ್ಯ? ನಗ್ತಾ ಮಸೀತಾವ್ನಂತೆ. ಅದೇ ಹೆದರ್ಕೆ."

ಸಿಟ್ಟಿನಿಂದ ಮಸೆಯುವವನನ್ನು ಸಮಾಧಾನ ಮಾಡಬಹುದು. ನಗುತ್ತಾ ಮಸೆಯುವವನನ್ನು ಏನು ಮಾಡುವುದು? ಹಾಲಸ್ವಾಮಿ ಒಂದು ನಿಂಬೆಹಣ್ಣು ತಂದಿದ್ದ. ಅದನ್ನು ಕಂಪ್ಯೂಟರಿಗೆ ಮೂರು ಸಲ ನಿವಾಳಿಸಿ, ಆಮೇಲೆ ಯೋಚಿಸಿ ಚಿಕ್ಕಣ್ಣನಿಗೂ ಮೂರು ಸಲ ನಿವಾಳಿಸಿ ಹೊರಗೆ ಹೋದ.

ಎರಡೂವರೆಗೆ ಗಿರಿಜಾಂಬಿಕಾ ಬಂದು ಪಕ್ಕದಲ್ಲಿ ಕೂತು ನೋಟ್ ಪುಸ್ತಕದ ಹಾಳೆ ತಿರುವಿದಳು. "ಇಲ್ನೋಡ್ರಿ, ಒಂದೇ ಸಲಕ್ಕೆ ಎಲ್ಲಾ ಸಾಲನ್ನೂ ಬದಲಾಯಿಸೋ ಆಜ್ಞೆ ಬರ್ಕೊಂಡಿದ್ದೀರಲ್ಲ. ಕೆಂಪು ಇಂಕಿನಲ್ಲಿ ಗೆರೆ ಬೇರೆ ಎಳೆದಿದ್ದೀರ."

"ಗೆರೆ ಎಳೆದದ್ದು ಬೆಂಗಳೂರಿನ ಮೇಷ್ಟ್ರು ಕಣ್ರೀ. ಇದನ್ನ ಕೊಡೋ ಮೊದ್ಲು ನೂರು ಸಲ ಯೋಚನೆ ಮಾಡು ಅಂದಿದ್ರು."

"ನೂರು ಸಲ ಯೋಚ್ನೆ ಮಾಡೋಕೆ ಹುಚ್ಚಣ್ಣ ಟೈಮ್ ಕೊಡ್ತಾನಾ?"

ಆಗ ಹೊರಗಿನಿಂದ ಯಾರೋ ಕೂಗಿದರು, "ಹುಚ್ಚಣ್ಣ ಹೊಂಟವ್ನಂತೆ! ಮೋಟರ್ ಬೈಕಿನಾಗೆ ಹೊಂಟವ್ನಂತೆ!"

ಚಿಕ್ಕಣ್ಣ ಒಂದು ಸಲವೂ ಯೋಚಿಸಲಿಲ್ಲ. ಎಲ್ಲಾ ಸಾಲುಗಳಲ್ಲೂ "ಬದುಕಿದ್ದಾರೆಯೇ?" ಎಂಬುದಕ್ಕೆ "ಹೌದು" ಎಂದು ಹಾಕು ಎಂದು ಆಜ್ಞೆ ಒತ್ತಿ ಕಣ್ಣು ಮುಚ್ಚಿಕೊಂಡ. ಯಂತ್ರ ಗುರುಗುಟ್ಟಿತು. ಕಣ್ಣು ಬಿಟ್ಟಾಗ ಕಂಪ್ಯೂಟರಿನ ತೆರೆಯ ಮೇಲೆ ಹಸಿರು ಅಕ್ಷರದಲ್ಲಿ ಉತ್ತರ ಬಂದಿತ್ತು: ಸಾವಿರದ ನೂರ ನಲವತ್ತಾರು ಸಾಲು ಬದಲಾದವು.

"ಬದುಕಿದ್ರು!" ಎಂದು ಗಿರಿಜಾಂಬಿಕಾ ಚಪ್ಪಾಳೆ ತಟ್ಟಿದಳು.

ಪ್ರಿಂಟರು ಮತ್ತೆ ಕಿರಿಚಲು ಶುರು ಮಾಡಿತು. ಈ ಸಲ ಚಿಕ್ಕಣ್ಣ ಹೊರಗೆ ನಿಲ್ಲಲಿಲ್ಲ. ಹೊರಗೆ ಹುಚ್ಚಣ್ಣ ಬರುವವನಿದ್ದ. ಒಂದೊಂದು ಸಾಲು ಬರುವಾಗಲೂ ಅವನು ಕುತ್ತಿಗೆ ಬಾಗಿಸಿ ನೋಡುತ್ತಿದ್ದ. ಎಲ್ಲೂ ಲೇಟ್ ಇರಲಿಲ್ಲ. ಇನ್ನೂರ ಹನ್ನೆರಡು, ಹುಚ್ಚಣ್ಣ, ದಬ್ಬೇಘಟ್ಟ. ಬರೀ ಹುಚ್ಚಣ್ಣ. ಚಿಕ್ಕಣ್ಣ ಆ ಸಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಮೂರೂವರೆಗೆ ಸರಿಯಾಗಿ ಕೊನೇ ಹಾಳೆ ಹೊರಬಂತು, ಅದರ ಬೆನ್ನಿಗೇ ಕರೆಂಟು ಹೋಯಿತು. ಆ ತಿಂಗಳು ಪೇಟೆಗೆ ಕರೆಂಟು ದಿನಾ ಅಷ್ಟು ಹೊತ್ತಿಗೆ ಹೋಗಿ ಮರುದಿನ ಬೆಳಿಗ್ಗೆ ಆರಕ್ಕೇ ಬರುತ್ತಿದ್ದದ್ದು. ಒಂದು ನಿಮಿಷ ಮೊದಲೇ ಹೋಗಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ನೆನೆದು ಅವನು ಮತ್ತೊಮ್ಮೆ ಬೆವೆತ.

ಹೊಸ ಪಟ್ಟಿ ಬೋರ್ಡಿಗೇರಿತು. ಜನ ನೂಕಾಡಿ ತಮ್ಮ ತಮ್ಮ ಹೆಸರು ನೋಡಿಕೊಂಡರು. ಬಸವರಾಜಪ್ಪನವರು ಮೀಸೆ ನೇವರಿಸಿಕೊಂಡು ಹೋದರು. ಮೂವರು ಅಣ್ಣತಮ್ಮಂದಿರು ಸೈಕಲ್ಲು ಹತ್ತಿದರು. ಸಿದ್ದಕ್ಕ, "ಇನ್ನೊಂದ್ಸಲ ಮುದ್ದೆ ತಿರುವಾದು ತಪ್ಪಲಿಲ್ಲ," ಎಂದು ಸೊಂಟ ಹಿಡಿದುಕೊಂಡು ಎದ್ದಳು. ಚಿಕ್ಕಣ್ಣನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು.

ಹೊರಗೆ ಮೋಟರ್ ಬೈಕು ನಿಂತ ಸದ್ದಾಯಿತು.

ಹೋದ ಉಸಿರು ಅಲ್ಲೇ ನಿಂತಿತು. ಹಾಲಸ್ವಾಮಿ ನೀರು ತರುತ್ತೇನೆಂದು ಹಿಂಬಾಗಿಲಿನಿಂದ ಹೋದ. ತೋಂಟದಾರ್ಯರು ಬೀರು ತೆಗೆದು ಅದರೊಳಗೆ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕತೊಡಗಿದರು. ಬಾಗಿಲಲ್ಲಿ ಹುಚ್ಚಣ್ಣ ಕಾಣಿಸಿಕೊಂಡ. ಬಾಗಿಲು ಪೂರ್ತಿ ತುಂಬಿತು. ಬಲಗೈಯಲ್ಲಿ ಥಳಥಳ ಹೊಳೆಯುವ ಮಚ್ಚು.

"ಆ ಕಂಪ್ಯೂಟರ್ ಬರೆಯೋನು ಯಾವನು?"

ಗಿರಿಜಾಂಬಿಕಾಳ ಬೆರಳು ತಾನಾಗಿಯೇ ಚಿಕ್ಕಣ್ಣನ ಕಡೆ ತಿರುಗಿತು.

"ಅಣ್ಣ, ತಿದ್ದಿದ್ದೀನಿ ಅಣ್ಣ. ಕಾಲಂ ಖಾಲಿ ಬಿಟ್ಟಿದ್ದೆ ಅಷ್ಟೇ. ನನಗೆ ಎರಡು ಮಕ್ಕಳವೆ," ಎಂದ.

ಹುಚ್ಚಣ್ಣ ನಾಲ್ಕು ಹೆಜ್ಜೆ ಒಳಗೆ ಬಂದು, ಮಚ್ಚನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಚಿಕ್ಕಣ್ಣನ ಭುಜ ಹಿಡಿದ. ಹಿಡಿದವನು ಅಪ್ಪಿಕೊಂಡ. ಚಿಕ್ಕಣ್ಣನ ಕಾಲು ನೆಲ ಬಿಟ್ಟಿತು.

"ನನ್ನ ಜೀವ ಉಳಿಸ್ದೆ ಕಣಪ್ಪ ನೀನು!" ಎಂದ ಹುಚ್ಚಣ್ಣ. ಅವನ ಕಣ್ಣಲ್ಲಿ ನೀರಿತ್ತು. "ಹೋದ ಸೋಮವಾರ ತೋಟದಾಗೆ ನಿಂತಿದ್ದಾಗ ಕಾಗೆ ಬಂದು ತಲೆಗೆ ಬಡೀತು. ಕಾಗೆ ಬಡಿದ್ರೆ ಏನ್ಮಾಡ್ಬೇಕು ಹೇಳು? ಸತ್ತೋದ ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸ್ಬೇಕು. ಅವ್ರು ನಂಬಿ ಅಳ್ಬೇಕು. ಆಮ್ಯಾಕೆ ಸುಳ್ಳು ಅಂತ ತಿಳಿಸ್ಬೇಕು. ಆಗ್ಲೇ ಕಂಟಕ ಕಳೆಯಾದು. ಐದು ದಿನದಿಂದ ಊರಾಗೆ ಒಬ್ಬೊಬ್ಬರನ್ನೂ ಕೇಳ್ದೆ. ಹುಚ್ಚಣ್ಣ ಸತ್ತ ಅಂತ ಬಾಯಲ್ಲಿ ಹೇಳೋ ಧೈರ್ಯ ಒಬ್ಬ ನನ್ಮಗನಿಗೂ ಬರ್ಲಿಲ್ಲ! ನೀನು ಅಚ್ಚು ಹಾಕಿಸಿ ಅಂಟಿಸ್ಬುಟ್ಟೆ. ಗಂಡು ಕಣಪ್ಪ ನೀನು!"

ಚಿಕ್ಕಣ್ಣನನ್ನು ಹುಟ್ಟಿದಾಗಿನಿಂದ ಯಾರೂ ಹಾಗೆ ಕರೆದಿರಲಿಲ್ಲ. ತೋಂಟದಾರ್ಯರು ಬೀರುವಿನಿಂದ ಹೊರಬಂದು, "ನಮ್ಮ ಸಂಘ ಸದಸ್ಯರ ಸೇವೆಗೇ ಇರೋದು," ಎಂದರು. ಹುಚ್ಚಣ್ಣ ಬೈಕಿಗೆ ಕಟ್ಟಿದ್ದ ಎಳನೀರಿನ ಗೊನೆ ತಂದು, ಮಸೆದ ಮಚ್ಚಿನಿಂದ ಒಂದೊಂದೇ ಏಟಿಗೆ ಕೆತ್ತಿ ಎಲ್ಲರ ಕೈಗೂ ಕೊಟ್ಟ. ಚಿಕ್ಕಣ್ಣನಿಗೆ ಎರಡು ಕೊಟ್ಟ. ಅರ್ಧ ಅವನ ಅಂಗಿಯ ಮೇಲೆ ಹೋಯಿತು. ಆದರೂ ಅಷ್ಟು ಸಿಹಿಯಾದ ಎಳನೀರನ್ನು ಅವನು ಕುಡಿದಿರಲಿಲ್ಲ.

"ಹೆಂಡ್ರು, ಬಾಮೈದ್ರು ಎಲ್ಲಾ ಚೆನ್ನಾಗಿ ಅತ್ರು," ಎಂದ ಹುಚ್ಚಣ್ಣ ತೃಪ್ತಿಯಿಂದ. "ಈಗ ಸುಳ್ಳು ಅಂತ ತಿಳಿಸ್ಬೇಕು. ತೋರ್ಸು, ಬದುಕಿದ್ದೀನಾ ಅಂತ ನೋಡ್ತೀನಿ."

ಚಿಕ್ಕಣ್ಣ ಹೆಮ್ಮೆಯಿಂದ ಬೋರ್ಡಿನ ಹತ್ತಿರ ಕರೆದುಕೊಂಡು ಹೋಗಿ ಇನ್ನೂರ ಹನ್ನೆರಡನೇ ಸಾಲಿನ ಮೇಲೆ ಬೆರಳಿಟ್ಟ. ಹುಚ್ಚಣ್ಣ ತನ್ನ ಹೆಸರನ್ನು ಓದಿಕೊಂಡು ತಲೆಯಾಡಿಸಿದ. ಆಮೇಲೆ ಅವನ ಕಣ್ಣು ಒಂದು ಸಾಲು ಮೇಲಕ್ಕೆ ಹೋಯಿತು. ಅಲ್ಲೇ ನಿಂತಿತು. ಮುಖದ ನಗು ಎಣ್ಣೆ ತೀರಿದ ದೀಪದ ಹಾಗೆ ಸಣ್ಣಗಾಗಿ ಆರಿತು.

"ಇನ್ನೂರ ಹನ್ನೊಂದು. ದೊಡ್ಡಬೋರಣ್ಣ, ದಬ್ಬೇಘಟ್ಟ," ಎಂದು ಓದಿದ. ದನಿ ಒಡೆದಿತ್ತು. "ಇದು ನಮ್ಮಪ್ಪ. ಹೋಗಿ ಮೂರು ವರ್ಸ ಆಯ್ತು. ಲೇಟ್ ಎಲ್ಲಿ?"

ಚಿಕ್ಕಣ್ಣ ಪಟ್ಟಿಯ ಮೇಲಿನಿಂದ ಕೆಳಗೆ ನೋಡಿದ. ಎಪ್ಪತ್ತಮೂರು ಜನ ಎಲ್ಲಿ ಹೋದರೆಂದು ಅವನಿಗೆ ಆಗ ಹೊಳೆಯಿತು. ಅವನು ಎಲ್ಲರನ್ನೂ ಎಬ್ಬಿಸಿದ್ದ.

"ಅದು... ಒಂದೇ ಸಲಕ್ಕೆ ಹಾಕಿದ್ದಕ್ಕೆ... ಕೈತಪ್ಪು ಅಣ್ಣ. ನೀವು ಯೋಚ್ನೆ ಮಾಡ್ಬೇಡಿ, ಕಾಗದದ ಮೇಲಿನ ಮಾತು."

"ಕಾಗದದ ಮೇಲಿನ ಮಾತಾ?" ಹುಚ್ಚಣ್ಣ ಅವನ ತೋಳು ಹಿಡಿದ. "ನಾನು ಸತ್ತೆ ಅಂತ ಇದು ಬರೀತು, ನನ್ನ ಕಂಟಕ ಹೋಯ್ತು. ಫಲ ಕೊಡ್ತೋ ಇಲ್ವೋ? ಹಂಗಾದ್ರೆ ಅಪ್ಪ ಬದುಕವ್ನೆ ಅಂತ ಬರೆದಿದ್ದೂ ಫಲ ಕೊಡ್ಬೇಕಲ್ಲ!"

ತೋಂಟದಾರ್ಯರು ಮತ್ತೆ ಬೀರುವಿನ ಕಡೆ ನೋಡಿದರು.

"ಸಾಯೋ ಮುಂಚೆ ಅಪ್ಪ ಏನಂದ ಗೊತ್ತಾ? ನಾನು ನೆಟ್ಟ ಮರ ಒಂದು ಮುಟ್ಟಿದ್ರೂ ಎದ್ದು ಬತ್ತೀನಿ ಕಣ್ಲಾ ಅಂದ. ಹೋದ ತಿಂಗಳು ಬಾವಿ ಪಕ್ಕದ ಹನ್ನೊಂದು ಮರ ಕಡಿಸಿದ್ದೀನಿ," ಎಂದ ಹುಚ್ಚಣ್ಣ. ಅವನು ಚಿಕ್ಕಣ್ಣನ ಹಿಂದೆ ಸರಿದು ರಸ್ತೆಯ ಕಡೆ ನೋಡಿದ. "ನಿಂಗೆ ನಮ್ಮಪ್ಪ ಗೊತ್ತಿಲ್ಲ. ನಂಗೆ ನಲವತ್ತು ವರ್ಸ ಆದ್ಮೇಲೂ ಕಂಬಕ್ಕೆ ಕಟ್ಟಿ ಬಾರಿಸೋನು. ನಾನು ಅವನ ಮುಂದೆ ಕುರಿಮರಿ. ತಿದ್ದು. ಈಗ್ಲೇ ಅವನನ್ನ ಸಾಯ್ಸು!"

"ಕರೆಂಟಿಲ್ಲ ಅಣ್ಣ. ಬೆಳಿಗ್ಗೆ ಆರಕ್ಕೆ ಬರುತ್ತೆ. ಬೇಕಾದ್ರೆ ಪೆನ್ನಲ್ಲಿ ಲೇಟ್ ಅಂತ ಬರ್ದು..."

"ಕಂಪ್ಯೂಟರು ಎಬ್ಬಿಸಿದೋನನ್ನ ಪೆನ್ನು ಮಲಗಿಸುತ್ತಾ?" ಹುಚ್ಚಣ್ಣ ಆಕಾಶ ನೋಡಿದ. ಹೊತ್ತು ತೋಟಗಳ ಹಿಂದಕ್ಕೆ ಇಳಿಯುತ್ತಿತ್ತು. "ಹಂಗಾದ್ರೆ ಬೆಳಿಗ್ಗೆ ಆರು ಗಂಟೆ ಗಂಟ ನಮ್ಮಪ್ಪ ಬದುಕಿರ್ತಾನೆ."

ಅವನು ಮೇಜಿನ ಮೇಲಿದ್ದ ಮಚ್ಚು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಚಿಕ್ಕಣ್ಣನ ರಟ್ಟೆ ಹಿಡಿದು ಬೈಕಿನ ಕಡೆ ನಡೆದ.

"ಎಲ್ಲಿಗಣ್ಣ?"

"ನಮ್ಮನೇಗೆ. ಅಪ್ಪನ್ನ ಎಬ್ಬಿಸಿದೋನು ನೀನು, ಬಂದ್ರೆ ಸಮಾಧಾನ ಹೇಳೋನೂ ನೀನೇ."

ಚಿಕ್ಕಣ್ಣ ಅಂಗಲಾಚುವ ಕಣ್ಣಿನಿಂದ ಕಾರ್ಯದರ್ಶಿಗಳ ಕಡೆ ತಿರುಗಿದ. ತೋಂಟದಾರ್ಯರು ಎಳನೀರಿನ ಬುರುಡೆ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. "ಹೋಗಿ ಬಾ ಚಿಕ್ಕಣ್ಣ. ಸಂಘದ ಮರ್ಯಾದೆ ಪ್ರಶ್ನೆ. ನಾಳೆ ಅರ್ಧ ಗಂಟೆ ತಡವಾಗಿ ಬಂದರೂ ನಡೆಯುತ್ತೆ."

ಬೈಕು ಪೇಟೆ ದಾಟಿತು. ದಾರಿಯ ಎರಡೂ ಕಡೆ ತೆಂಗಿನ ಗರಿಗಳು ಕಪ್ಪಾಗುತ್ತಿದ್ದವು. ಗಾಳಿಗೆ ಒಂದು ಒಣ ಗರಿ ದಡಾರನೆ ಬಿತ್ತು. ಬೈಕು ಓಡಿಸುತ್ತಿದ್ದವನೂ ಹಿಂದೆ ಕೂತಿದ್ದವನೂ ಒಟ್ಟಿಗೇ ಕಿರುಚಿದರು. ಚಿಕ್ಕಣ್ಣ ಹುಚ್ಚಣ್ಣನ ಸೊಂಟವನ್ನು ಗಟ್ಟಿಯಾಗಿ ಅಪ್ಪಿಕೊಂಡಿದ್ದ.

ದಬ್ಬೇಘಟ್ಟ ಹತ್ತಿರವಾದಾಗ ಹುಚ್ಚಣ್ಣ ಕತ್ತು ತಿರುಗಿಸದೆಯೇ ಮೆಲ್ಲಗೆ ಹೇಳಿದ, "ನೀನು ಬಾಗಿಲ ಪಕ್ಕದಾಗೇ ಮಲಕ್ಕೋಬೇಕು ಕಣಪ್ಪ. ಯಾರಾನ ಬಂದು ಬಾಗಿಲು ತಟ್ಟಿದ್ರೆ, ನಾನು ಮನೇಲಿಲ್ಲ ಅಂತ ಹೇಳ್ಬುಡು."